ಬಂಡೆ ತುಂಬಿದ ಏಪ್ಟೇಸಿಯಾ: ಬೆಂಗಳೂರಿನ ಒಂದು ರೀಫ್ ಟ್ಯಾಂಕ್‌ನ ಪ್ರಕರಣ ಅಧ್ಯಯನ

ಏಪ್ಟೇಸಿಯಾ ಅಂದರೆ ರೀಫ್ ಟ್ಯಾಂಕಿನ, ಅಂದರೆ ಹವಳ ಸಾಕುವ ಉಪ್ಪುನೀರಿನ ಟ್ಯಾಂಕಿನ, ಒಂದು ಪೀಡೆ: ಬಂಡೆಗೆ ಅಂಟಿಕೊಂಡು ಪಕ್ಕದ ಹವಳವನ್ನು ಕುಟುಕುವ ಸಣ್ಣ ಅನಿಮೋನ್, ಹೂವಿನಂತೆ ಕಾಣುವ ಕಡಲ ಪ್ರಾಣಿ. ಈ ಟ್ಯಾಂಕ್ ಇರುವುದು ಬೆಂಗಳೂರಿನ ವಿಜಯನಗರದ ಒಂದು ಮನೆಯಲ್ಲಿ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಸುಮಾರು 250 ಲೀಟರ್ ಉಪ್ಪುನೀರು, ಕೆಳಗಿನ ಕಪಾಟಿನಲ್ಲಿ 60 ಲೀಟರಿನ ಸಂಪ್, ಅಂದರೆ ಟ್ಯಾಂಕಿನ ನೀರು ಇಳಿದು ಬಂದು ಪಂಪಿನಿಂದ ಮತ್ತೆ ಮೇಲೆ ಹೋಗುವ ತೊಟ್ಟಿ. ಮನೆಯೊಡತಿ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಟ್ಯಾಂಕಿನ ದಿನದ ಕೆಲಸವೆಲ್ಲ ಪಿಯುಸಿ ಓದುವ ಅವರ ಮಗನದು. ಮೀನುಗಳು ಕಡಿಮೆ: ಒಂದು ಜೋಡಿ ಕ್ಲೌನ್‌ಫಿಶ್, ಒಂದು ಗೋಬಿ, ಒಂದು ಸಿಕ್ಸ್‌ಲೈನ್ ರಾಸ್. ಹವಳದ ಬಳಗದಲ್ಲಿ ಜೋವಾಂಥಿಡ್, ಮಶ್ರೂಮ್, ಲೆದರ್, ಗ್ರೀನ್ ಸ್ಟಾರ್ ಪಾಲಿಪ್ ಇವೆ. ಎಲ್ಲವೂ ಮೆದು ಜಾತಿಯವು. ಬಂಡೆ ಕಟ್ಟುವ ಗಟ್ಟಿ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಟ್ಟುನಿಟ್ಟಿನ ರಕ್ಷಣೆಯ ಒಂದನೇ ಷೆಡ್ಯೂಲ್‌ಗೆ ಸೇರಿಸಲಾಗಿದೆ. ಅವುಗಳ ಸುದ್ದಿಗೆ ಹೋಗುವುದು ಬೇಡ ಎಂದು ತಾಯಿ, ಮಗ ಇಬ್ಬರೂ ಮೊದಲೇ ತೀರ್ಮಾನ ಮಾಡಿದ್ದರು. ಅದು ಸರಿಯಾದ ತೀರ್ಮಾನ. ನಮ್ಮ ಕರಾವಳಿಯಲ್ಲೇ, ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ. ಅದು ಅಲ್ಲೇ ಇರಬೇಕು.

ಅವರು ನನ್ನನ್ನು ಕರೆಸಿದ್ದು ಬೇರೆ ದೂರಿಗೆ. ಜೋವಾಂಥಿಡ್ ಗುಂಪು ಅರಳುತ್ತಿರಲಿಲ್ಲ. "ನೀರಲ್ಲೇ ಏನೋ ತೊಂದರೆ ಇರಬೇಕು, ಅಲ್ವಾ?" ಅಂದರು ಮೇಡಂ.

ನೀರು ಕೆಟ್ಟಿದ್ದರೆ ಇಡೀ ಗುಂಪು ಮುದುಡಿರಬೇಕು. ಇಲ್ಲಿ ಎಡಗಡೆಯ ಪಾಲಿಪ್‌ಗಳು (ಗುಂಪಿನ ಒಂದೊಂದು ಹೂವಿನಂಥ ಜೀವಿ) ಮಾತ್ರ ಮುಚ್ಚಿದ್ದವು. ಬಲಗಡೆಯವು ಚೆನ್ನಾಗಿ ಬಿರಿದು ನಿಂತಿದ್ದವು. ಒಂದೇ ಪಕ್ಕ ಮುಚ್ಚಿದೆ ಅಂದರೆ ಆ ಪಕ್ಕದಲ್ಲಿ ಯಾರೋ ಕುಟುಕುತ್ತಿದ್ದಾರೆ ಅಂತಲೇ ಅರ್ಥ. ಟಾರ್ಚ್ ಹಾಕಿ ನೋಡಿದರೆ, ಮುಚ್ಚಿದ ಪಾಲಿಪ್‌ಗಳ ನಡುವೆ ತೆಳು ಕಂದು ಬಣ್ಣದ, ಅರ್ಧ ಪಾರದರ್ಶಕವಾದ ಒಂದು ಕಾಂಡ. ಮೇಲೆ ಉದ್ದುದ್ದ ಎಳೆಗಳು, ತುದಿ ಚೂಪು. ಹತ್ತಿರ ಪೈಪ್ ತುದಿ ತಂದ ಕೂಡಲೇ ಸರಕ್ಕನೆ ಬಿಲದೊಳಗೆ ಹೋಯಿತು. ಏಪ್ಟೇಸಿಯಾ. ಒಂದು ಕಂಡ ಮೇಲೆ ಕಣ್ಣಿಗೆ ಅಭ್ಯಾಸವಾಗುತ್ತದೆ. ನೀರು ಸಂಪ್‌ಗೆ ಇಳಿಯುವ ಓವರ್‌ಫ್ಲೋ ಗೋಡೆ, ಬಂಡೆಯ ನೆರಳು, ಪಂಪಿನ ಬುಡ, ಎಲ್ಲ ಕಡೆ ಇತ್ತು. ಎದುರಿನ ಗಾಜಿನಿಂದ ಕಂಡವೇ ಎಪ್ಪತ್ತು ದಾಟಿದವು.

ಗುರುತು ಹಿಡಿಯುವುದರಲ್ಲಿ ಅವಸರ ಬೇಡ. ಫೆದರ್ ಡಸ್ಟರ್ ಹುಳುವೂ ಹೀಗೆಯೇ ಸರಕ್ಕನೆ ಒಳಗೆ ಹೋಗುತ್ತದೆ. ಆದರೆ ಅದಕ್ಕೆ ಕೊಳವೆಯಂಥ ಮನೆ ಇರುತ್ತದೆ, ತಲೆಯ ಎಳೆಗಳು ಗರಿಯಂತೆ ಕವಲೊಡೆದಿರುತ್ತವೆ. ಅದು ಪಾಪದ ಜೀವಿ, ನೀರು ಸೋಸಿ ತಿನ್ನುತ್ತದೆ, ಕೊಲ್ಲಬಾರದು. ಮಜಾನೋ ಎಂಬ ಇನ್ನೊಂದು ಪೀಡೆ ಅನಿಮೋನ್ ಇದೆ. ಅದು ಗಿಡ್ಡ, ದಪ್ಪ, ಎಳೆಗಳ ತುದಿ ಉಬ್ಬಿರುತ್ತದೆ, ಹಸಿರು ಛಾಯೆ ಜಾಸ್ತಿ. ಏಪ್ಟೇಸಿಯಾಕ್ಕೆ ಉದ್ದ ಕಾಂಡ, ಸಪೂರ ಚೂಪು ಎಳೆ, ಮುಟ್ಟಿದರೆ ಕ್ಷಣದಲ್ಲಿ ಮಾಯ. ಈ ಮೂರೂ ಕೂಡಿದರೆ ಸಂದೇಹಕ್ಕೆ ಜಾಗವಿಲ್ಲ.

ಒಂದು ಎಪ್ಪತ್ತಾದದ್ದು ಹೇಗೆ

ಮಗ ಹೇಳಿದ ಮಾತಿನಲ್ಲೇ ಉತ್ತರ ಇತ್ತು. ಕೆಲವು ತಿಂಗಳ ಹಿಂದೆ ಎರಡೋ ಮೂರೋ ಕಂಡಿದ್ದವಂತೆ. ಚಿಮಟ ಹಾಕಿ ಕಿತ್ತಿದ್ದಾನೆ. ಮತ್ತೆ ಬಂದಾಗ ಬ್ಲೇಡಿನಿಂದ ಕೆರೆದಿದ್ದಾನೆ. "ಕಿತ್ತಷ್ಟೂ ಬರ್ತಿದೆ ಅಂಕಲ್" ಅಂದ. ಇದರಲ್ಲಿ ಅವನನ್ನು ದೂರುವಂಥದ್ದು ಏನೂ ಇಲ್ಲ. ಬಂಡೆಗೆ ಅಂಟಿಕೊಂಡ ಬೇಡದ ಜೀವಿಯನ್ನು ಕಂಡರೆ ಯಾರಿಗಾದರೂ ಮೊದಲು ತೋಚುವುದು ಕೀಳುವುದೇ.

ಏಪ್ಟೇಸಿಯಾ ಗಿಡದಂತೆ ಬೀಜ, ಬೇರಿನಿಂದ ಬೆಳೆಯುವ ಜೀವಿಯಲ್ಲ. ಅದರ ಪಾದದ ಅಂಚಿನಿಂದ ತನ್ನಷ್ಟಕ್ಕೇ ಸಣ್ಣ ಸಣ್ಣ ಚೂರುಗಳು ಹರಿದು ಬೀಳುತ್ತವೆ. ಪ್ರತಿಯೊಂದು ಚೂರೂ ಬಾಯಿ, ಎಳೆ ಮೂಡಿಸಿಕೊಂಡು ಪೂರ್ತಿ ಅನಿಮೋನ್ ಆಗುತ್ತದೆ. ಯಾರೂ ಮುಟ್ಟದಿದ್ದರೂ ಇದು ನಡೆಯುತ್ತಲೇ ಇರುತ್ತದೆ. ಮೊಟ್ಟೆ, ಮರಿಹುಳುವಿನ ದಾರಿಯೂ ಅದಕ್ಕೆ ಇದೆ. ಆದರೆ ಮನೆಯ ಟ್ಯಾಂಕ್ ತುಂಬುವುದು ಮುಖ್ಯವಾಗಿ ಈ ಹರಿದ ಚೂರುಗಳಿಂದ. ಚಿಮಟ ಹಾಕಿದಾಗ ಕಾಂಡ ಕೈಗೆ ಬರುತ್ತದೆ, ಪಾದ ಬಿಲದೊಳಗೆ ಉಳಿಯುತ್ತದೆ. ಬ್ಲೇಡಿನಿಂದ ಕೆರೆದರೆ ಪಾದ ನಾಲ್ಕಾರು ಚೂರಾಗಿ ಪಂಪಿನ ಹರಿವಿನಲ್ಲಿ ತೇಲಿ ಹೋಗುತ್ತದೆ. ಈ ಟ್ಯಾಂಕಿನಲ್ಲಿ ಓವರ್‌ಫ್ಲೋ ಗೋಡೆಯ ಮೇಲೆ ಅಷ್ಟೊಂದು ಸಣ್ಣವು ಸಾಲಾಗಿ ಕೂತಿದ್ದು ಅದಕ್ಕೇ. ಹರಿವು ಕೊನೆಗೆ ಸೇರುವ ಜಾಗ ಅದು.

ಇನ್ನೊಂದು ಸಂಗತಿಯನ್ನೂ ಮಗನಿಗೆ ತೋರಿಸಿದೆ. ಜೋರಾಗಿ ಕೆಣಕಿದರೆ ಏಪ್ಟೇಸಿಯಾ ತನ್ನ ಮೈಯಿಂದ ಬಿಳಿ ದಾರಗಳನ್ನು ಹೊರಗೆ ಚಿಮ್ಮುತ್ತದೆ. ಅಕಾಂಶಿಯಾ ಅನ್ನುತ್ತಾರೆ. ಅದರ ತುಂಬ ಕುಟುಕು ಕಣಗಳು. ಕೆಣಕಿದ ಕೈಗಿಂತ ಪಕ್ಕದ ಹವಳಕ್ಕೇ ಅದರ ಪೆಟ್ಟು ಜಾಸ್ತಿ. ಬ್ಲೇಡ್ ಹಾಕಿದ ಮರುದಿನ ಲೆದರ್ ಹವಳ ಬಾಗಿ ನಿಂತಿತ್ತು ಎಂದು ಹುಡುಗ ಹೇಳಿದ್ದು ಇದಕ್ಕೆ ಹೊಂದುತ್ತದೆ.

ಅವನಿಗೆ ಒಂದು ಯೋಚನೆ ಇತ್ತು: ಲೈಟ್ ಆರಿಸಿ ಒಂದು ವಾರ ಕತ್ತಲೆ ಮಾಡಿದರೆ ಸಾಯುವುದಿಲ್ಲವೇ? ಪ್ರಶ್ನೆ ಒಳ್ಳೆಯದು. ಏಪ್ಟೇಸಿಯಾದ ಮೈಯೊಳಗೂ ಹವಳದಲ್ಲಿರುವಂಥ ಪಾಚಿ ಇರುತ್ತದೆ, ಬೆಳಕಿನಿಂದ ಅದು ಮಾಡಿದ ಆಹಾರದಲ್ಲಿ ಪಾಲು ಸಿಗುತ್ತದೆ. ಆದರೆ ಪಾಚಿ ಹೋದರೂ ಅದು ಬದುಕುತ್ತದೆ. ಬಣ್ಣ ಕಳೆದುಕೊಂಡು ಬಿಳಿಚಿಕೊಂಡು, ನೀರಿನಲ್ಲಿ ತೇಲಿ ಬರುವ ಆಹಾರ ಹಿಡಿದು ತಿಂದುಕೊಂಡಿರುತ್ತದೆ. ಪ್ರಯೋಗಾಲಯಗಳಲ್ಲಿ ಬೇಕೆಂದೇ ಹೀಗೆ ಪಾಚಿ ತೆಗೆದು, ಆರ್ಟೀಮಿಯಾ ಎಂಬ ಪುಟಾಣಿ ಉಪ್ಪುನೀರಿನ ಜೀವಿಯ ಮರಿ ತಿನ್ನಿಸಿ ಸಾಕುತ್ತಾರೆ. ಹವಳ ಮತ್ತು ಪಾಚಿಯ ಸಂಬಂಧವನ್ನು ಅರ್ಥ ಮಾಡಿಕೊಳ್ಳಲು ವಿಜ್ಞಾನಿಗಳು ಆರಿಸಿಕೊಂಡ ಪ್ರಾಣಿ ಇದೇ. 2015ರಲ್ಲಿ ಇದರ ಪೂರ್ತಿ ಜೀನೋಮ್ ಕೂಡ ಪ್ರಕಟವಾಯಿತು. ಸುಲಭವಾಗಿ ಬೆಳೆಯುತ್ತದೆ, ಒಂದರಿಂದ ಸಾವಿರ ತದ್ರೂಪು ಮಾಡಿಕೊಳ್ಳಬಹುದು, ಕಷ್ಟ ತಡೆಯುತ್ತದೆ. ಲ್ಯಾಬಿನವರು ಮೆಚ್ಚುವ ಈ ಗುಣಗಳೇ ನಮ್ಮ ಟ್ಯಾಂಕಿನಲ್ಲಿ ತಲೆನೋವು. ಸಂಪ್ ತೆರೆದಾಗ ಹುಡುಗನಿಗೆ ಉತ್ತರ ಕಣ್ಣಾರೆ ಸಿಕ್ಕಿತು. ಬೆಳಕೇ ಬೀಳದ ಮೂಲೆಯಲ್ಲಿ ಬೆಳ್ಳಗಿನ ಏಪ್ಟೇಸಿಯಾಗಳು ಆರಾಮವಾಗಿ ಎಳೆ ಚಾಚಿ ಕೂತಿದ್ದವು.

ಬಂದದ್ದು ಎಲ್ಲಿಂದ

ಇದನ್ನು ಪತ್ತೆ ಮಾಡದೆ ಮುಂದೆ ಹೋಗುವುದು ನನಗೆ ಇಷ್ಟವಿರಲಿಲ್ಲ. ಬಂಡೆಯಿಂದ ಬಂದಿದ್ದರೆ ಹೋರಾಟ ಒಂದು ಥರ, ಹೊರಗಿನಿಂದ ಬಂದಿದ್ದರೆ ಇನ್ನೊಂದು ಥರ. ಇವರ ಬಂಡೆ ಒಣಗಿದ ಡ್ರೈ ರಾಕ್. ಮೊದಲ ವರ್ಷ ಒಂದೂ ಕಂಡಿರಲಿಲ್ಲ. ಹಾಳೆಯ ಮೇಲೆ ಬಂಡೆಯ ಚಿತ್ರ ಬರೆದು, ಕಂಡ ಕಂಡಲ್ಲಿ ಚುಕ್ಕೆ ಇಟ್ಟೆವು. ದೊಡ್ಡವಕ್ಕೆ ದೊಡ್ಡ ಚುಕ್ಕೆ, ಸಣ್ಣವಕ್ಕೆ ಸಣ್ಣದು. ದೊಡ್ಡ ಚುಕ್ಕೆಗಳೆಲ್ಲ ಒಂದೇ ಕಡೆ ಬಂದು ಕೂಡಿದವು: ಆ ಅರಳದ ಜೋವಾಂಥಿಡ್ ಗುಂಪಿನ ಸುತ್ತ. ಅದು ಅಂಗಡಿಯಿಂದ ಬಂದ ಸಿಮೆಂಟ್ ಪ್ಲಗ್ (ಹವಳ ಅಂಟಿಸಿ ಮಾರುವ ಸಣ್ಣ ತುಂಡು) ಮೇಲೆಯೇ ಇನ್ನೂ ಕೂತಿತ್ತು. ಪ್ಲಗ್‌ನ ಕೆಳಭಾಗದ ತೂತಿನಲ್ಲಿ ಒಂದು ಹಳೆಯ ಏಪ್ಟೇಸಿಯಾ ಇತ್ತು.

ತಂದಾಗ ಹವಳದ ಡಿಪ್ ದ್ರಾವಣದಲ್ಲಿ ಅದ್ದಿಯೇ ಇಳಿಸಿದ್ದರು. ಇಲ್ಲಿ ತುಂಬ ಜನ ತಪ್ಪು ತಿಳಿಯುತ್ತಾರೆ. ಡಿಪ್‌ನಿಂದ ಚಪ್ಪಟೆ ಹುಳು, ಸಣ್ಣ ಪುಟ್ಟ ಕೀಟ ಉದುರುತ್ತವೆ. ಏಪ್ಟೇಸಿಯಾ ಮುದುಡಿ ಕೂತು, ಡಿಪ್ ಮುಗಿದ ಮೇಲೆ ಮತ್ತೆ ಅರಳುತ್ತದೆ. ಹವಳ ತಡೆಯುವಷ್ಟು ಔಷಧಿಯನ್ನು ಅದೂ ತಡೆಯುತ್ತದೆ.

ಯಾವ ದಾರಿ ಬೇಡ, ಯಾಕೆ ಬೇಡ

ಬೇಡ ಎಂದು ಮೊದಲು ಹೇಳಿದ್ದು ಕುದಿಯುವ ನೀರನ್ನು. ಬಂಡೆ ಹೊರಗೆ ತೆಗೆದು ಬಿಸಿನೀರು ಸುರಿದರೆ ಆಯಿತಲ್ಲ ಎಂದು ಯಾರೋ ಹೇಳಿದ್ದರಂತೆ. ಜೋವಾಂಥಿಡ್ ಇರುವ ಬಂಡೆಗೆ ಇದನ್ನು ಯಾವತ್ತೂ ಮಾಡಬಾರದು. ಜೋವಾಂಥಿಡ್ ಮತ್ತು ಅದರ ಹತ್ತಿರದ ಪ್ಯಾಲಿಥೋವಾಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಇರಬಹುದು. ಬಿಸಿನೀರು ಸುರಿದರೆ, ಕುದಿಸಿದರೆ, ಬ್ರಷ್ ಹಾಕಿ ಉಜ್ಜಿದರೆ ಅದು ಹಬೆಯಲ್ಲಿ, ತುಂತುರಿನಲ್ಲಿ ಸೇರಿ ಉಸಿರಿಗೆ ಹೋಗುತ್ತದೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಮನೆಯ ಟ್ಯಾಂಕಿನಿಂದ ಹವಳ ತೆಗೆದು ಸ್ವಚ್ಛ ಮಾಡುವಾಗ ಒಂದು ಕುಟುಂಬವೂ, ನೆರವಿಗೆ ಬಂದ ಅಗ್ನಿಶಾಮಕ ಸಿಬ್ಬಂದಿಯೂ ಆಸ್ಪತ್ರೆ ಸೇರಬೇಕಾಯಿತು. ಈ ಮಾತನ್ನು ನಾನು ಮೇಡಂಗೂ ಹುಡುಗನಿಗೂ ಎರಡೆರಡು ಸಲ ಹೇಳಿದೆ. ಟ್ಯಾಂಕ್ ಹಾಳಾದರೆ ಮತ್ತೆ ಕಟ್ಟಬಹುದು.

ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಮೀನು ತರೋಣ ಎಂದು ಅಂಗಡಿಯಲ್ಲಿ ಹೇಳಿದ್ದರು. ಅದರ ಉದ್ದ ಮೂತಿ ಬಿರುಕಿನೊಳಗೆ ಹೋಗಲೆಂದೇ ಇರುವಂಥದ್ದು. ಏಪ್ಟೇಸಿಯಾ ತಿನ್ನುವುದೂ ನಿಜ. ಆದರೆ ಟ್ಯಾಂಕಿನ ಆಹಾರಕ್ಕೆ ಒಗ್ಗದೆ ಹಸಿವಿನಿಂದ ಸಾಯುವ ಮೀನುಗಳಲ್ಲಿ ಇದು ಮುಂದಿದೆ. 250 ಲೀಟರ್ ಅದಕ್ಕೆ ಸಾಲದು. ಪೀಡೆ ತೆಗೆಯಲು ಒಂದು ಮೀನನ್ನು ಬಲಿ ಕೊಡುವುದು ನನ್ನ ಪ್ರಕಾರ ಸರಿಯಲ್ಲ. ಏಪ್ಟೇಸಿಯಾ ತಿನ್ನುವ ಫೈಲ್‌ಫಿಶ್ ಎಂಬ ಇನ್ನೊಂದು ಮೀನೂ ಇದೆ. ಕೆಲವು ಏಪ್ಟೇಸಿಯಾ ತಿಂದು ಮುಗಿಸಿ ಜೋವಾಂಥಿಡ್‌ಗೆ ಬಾಯಿ ಹಾಕುತ್ತವೆ. ಈ ಮನೆಯಲ್ಲಿ ಇರುವುದೇ ಜೋವಾಂಥಿಡ್.

ಬರ್ಗಿಯಾ ಎಂಬ ಪುಟ್ಟ ಕಡಲ ಗೊಂಡೆಹುಳು (ಸೀ ಸ್ಲಗ್) ಇದೆ. ಚಿಪ್ಪಿಲ್ಲ, ಬೆನ್ನ ತುಂಬ ಮೆತ್ತನೆಯ ಬೆರಳುಗಳು. ನನಗೆ ತುಂಬ ಇಷ್ಟವಾದ ಜೀವಿ. ಅದರ ಊಟ ಏಪ್ಟೇಸಿಯಾ ಒಂದೇ. ತಿಂದ ಅನಿಮೋನ್‌ನ ಕುಟುಕು ಕಣಗಳನ್ನು ಅರಗಿಸದೆ ತನ್ನ ಬೆನ್ನಿನ ಬೆರಳುಗಳಲ್ಲಿ ಕೂಡಿಟ್ಟುಕೊಂಡು ತನ್ನ ರಕ್ಷಣೆಗೆ ಬಳಸುತ್ತದೆ. ರಾತ್ರಿ ಹೊರಡುತ್ತದೆ, ಬಿಲದೊಳಗಿನವನ್ನೂ ಬಿಡುವುದಿಲ್ಲ. ಆದರೆ ಇಲ್ಲಿ ಸಿಕ್ಸ್‌ಲೈನ್ ರಾಸ್ ಇತ್ತು. ಸಣ್ಣ ಹುಳು ಹುಪ್ಪಟೆ ಹುಡುಕಿ ತಿನ್ನುವುದೇ ಆ ಮೀನಿನ ಕೆಲಸ. ಬರ್ಗಿಯಾ ಬಿಟ್ಟರೆ ಅದಕ್ಕೆ ಊಟವಾಗುತ್ತದೆ ಅಷ್ಟೆ. ಬಂಡೆಯನ್ನೆಲ್ಲ ಕೆಡವದೆ ಆ ಮೀನನ್ನು ಹಿಡಿಯುವುದೂ ಆಗದ ಮಾತು.

ಹಾಗಾಗಿ ಉಳಿದದ್ದು ಎರಡು: ಏಪ್ಟೇಸಿಯಾದ ಬಾಯಿಗೆ ಹಾಕಿ ಸುಡುವ ಸುಣ್ಣ ಮತ್ತು ಅದನ್ನು ತಿನ್ನುವ ಸಿಗಡಿ. ಇವೆರಡರಲ್ಲಿ ಯಾವುದು ಮೊದಲು ಅನ್ನುವುದೇ ಈ ಪ್ರಕರಣದ ತಿರುಳು. ಪೆಪ್ಪರ್‌ಮಿಂಟ್ ಸಿಗಡಿ ಸಣ್ಣ ಏಪ್ಟೇಸಿಯಾ ತಿನ್ನುತ್ತದೆ, ಬೆಳೆದು ಬಲಿತದ್ದರ ಹತ್ತಿರ ಸಾಮಾನ್ಯವಾಗಿ ಹೋಗುವುದಿಲ್ಲ. ಸುಣ್ಣಕ್ಕೆ ಬಯಲಿನಲ್ಲಿರುವ ದೊಡ್ಡದು ಸುಲಭ, ಬಿರುಕಿನ ಚೂರುಗಳು ಸಿಗುವುದಿಲ್ಲ. ಸಿಗಡಿಯನ್ನು ಮೊದಲು ಬಿಟ್ಟರೆ ದೊಡ್ಡವು ಚೂರು ಉದುರಿಸುತ್ತಲೇ ಇರುತ್ತವೆ. ಸುಣ್ಣ ಒಂದನ್ನೇ ನಂಬಿದರೆ ಬಿರುಕಿನಿಂದ ಹೊಸ ಪೀಳಿಗೆ ಬರುತ್ತಲೇ ಇರುತ್ತದೆ. ದೊಡ್ಡವಕ್ಕೆ ಸುಣ್ಣ, ಆಮೇಲೆ ಸಣ್ಣವಕ್ಕೆ ಸಿಗಡಿ. ಎರಡಕ್ಕೂ ಮೊದಲು ಊಟ ಕಡಿಮೆ.

ಊಟ ಕಡಿಮೆ ಮಾಡಿದ್ದು

ನೀರು ಪರೀಕ್ಷೆ ಮಾಡಿದಾಗ, ಉಳಿದ ಆಹಾರ ಕೊಳೆತು ಸೇರುವ ನೈಟ್ರೇಟ್ 40 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಹತ್ತಿರ ಇತ್ತು. ಫ್ರೋಜನ್ ಆಹಾರದ ಬಿಲ್ಲೆಯನ್ನು ಕರಗಿಸಿ, ರಸದ ಸಮೇತ ಸುರಿಯುತ್ತಿದ್ದರು. ವಾರಕ್ಕೆ ಮೂರು ಸಲ ಹವಳಕ್ಕೆಂದು ಪುಡಿ ಬೇರೆ. ಆ ಪುಡಿಯಲ್ಲಿ ಹವಳ ತಿಂದದ್ದು ಎಷ್ಟೋ, ಏಪ್ಟೇಸಿಯಾ ಮಾತ್ರ ಚೆನ್ನಾಗಿ ತಿಂದಿತ್ತು. ಪುಡಿ ನಿಲ್ಲಿಸಿದೆವು. ಬಿಲ್ಲೆಯನ್ನು ಆರ್‌ಒ ನೀರಿನಲ್ಲಿ ಕರಗಿಸಿ, ಸಣ್ಣ ಜಾಲರಿಯಲ್ಲಿ ಸೋಸಿ, ಮೀನು ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕುವುದು. ವಾರಕ್ಕೊಮ್ಮೆ ಹತ್ತನೇ ಒಂದು ಪಾಲು ನೀರು ಬದಲು.

ನೈಟ್ರೇಟನ್ನು ಸೊನ್ನೆಗೆ ತರುವ ಆಸೆ ಬೇಡ ಎಂದೂ ಹೇಳಿದೆ. ಜೋವಾಂಥಿಡ್, ಮಶ್ರೂಮ್, ಲೆದರ್ ಇವಕ್ಕೆ ಸ್ವಲ್ಪ ಪೋಷಕಾಂಶ ಬೇಕು. ಅದನ್ನು ಪೂರ್ತಿ ಹಿಂಡಿ ತೆಗೆದರೆ ಡೈನೋ ಪಾಚಿಯಂಥ ಬೇರೆ ಪೀಡೆ ಎದ್ದು ಕೂರುತ್ತದೆ. ನಿಧಾನವಾಗಿ 10ರ ಸುತ್ತ ಬಂದರೆ ಸಾಕು. ಊಟ ಕಡಿಮೆ ಮಾಡಿದ್ದರಿಂದ ಏಪ್ಟೇಸಿಯಾ ಸಾಯುವುದಿಲ್ಲ. ಹೊಸ ಚೂರುಗಳ ವೇಗ ತಗ್ಗುತ್ತದೆ. ಮುಂದೆ ಬರುವ ಸಿಗಡಿಗೂ ಹಸಿವು ಇರುತ್ತದೆ.

ಸುಣ್ಣ

ರೀಫ್ ಹವ್ಯಾಸಿಗಳು ಕಾಲ್ಕ್‌ವಾಸರ್ ಅನ್ನುವುದು ಸುಣ್ಣದ ತಿಳಿ ನೀರನ್ನು. ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಪೂರ್ತಿ ಕರಗಿದ ಸುಣ್ಣದ ನೀರಿನ ಪಿಎಚ್ 12ರ ಮೇಲೆ. ಅದರ ಗಟ್ಟಿ ಲೇಪ ಅನಿಮೋನ್‌ನ ಬಾಯಿಯ ಮೇಲೆ ಬಿದ್ದರೆ ಮೈಯ ಜೀವಕೋಶ ಸುಟ್ಟು ಕರಗುತ್ತದೆ. ಉಳಿದ ಸುಣ್ಣ ಟ್ಯಾಂಕಿನಲ್ಲಿ ಬೆರೆತು, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ, ಕ್ಯಾಲ್ಸಿಯಂ ಮತ್ತು ಕ್ಷಾರತೆ ಆಗಿ ಉಳಿಯುತ್ತದೆ. ಮಿತಿಯಲ್ಲಿದ್ದರೆ ಅದು ಹವಳಕ್ಕೆ ಬೇಕಾದದ್ದೇ. ಏಪ್ಟೇಸಿಯಾಗೆಂದೇ ಮಾರುವ ರೆಡಿ ಲೇಪಗಳೂ ಇವೆ, ಚೆನ್ನಾಗಿಯೇ ಕೆಲಸ ಮಾಡುತ್ತವೆ. ಎಪ್ಪತ್ತು ಏಪ್ಟೇಸಿಯಾ ಇರುವಲ್ಲಿ ಅದರ ಖರ್ಚು ಜಾಸ್ತಿ ಎಂದು ಸುಣ್ಣವನ್ನೇ ಆರಿಸಿದೆವು.

"ಎಲೆ ಅಡಿಕೆಗೆ ಹಾಕೋ ಸುಣ್ಣವೂ ಇದೇ ಅಲ್ವಾ? ಅತ್ತೆಯವರ ಡಬ್ಬಿಯಲ್ಲೇ ಇದೆ" ಅಂದರು ಮೇಡಂ. ವಸ್ತು ಅದೇ. ಆದರೆ ತಿನ್ನುವ ಸುಣ್ಣದಲ್ಲಿ ಜೊತೆಗೆ ಏನೇನು ಸೇರಿದೆ ಎಂದು ತಿಳಿಯುವುದು ಕಷ್ಟ. ನಾವು ತಿಂದರೆ ಏನೂ ಆಗದಷ್ಟು ತಾಮ್ರ ಸಿಗಡಿಗೆ ವಿಷವಾಗುತ್ತದೆ. ರಾಸಾಯನಿಕ ಅಂಗಡಿಯಿಂದ ಲ್ಯಾಬ್ ದರ್ಜೆಯ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತರಿಸಿದೆವು.

ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಕಡ್ಡಾಯ. ಪುಡಿ ಹಾರಿ ಕಣ್ಣಿಗೆ ಬಿದ್ದರೆ ಸುಡುತ್ತದೆ. ಆರ್‌ಒ ನೀರು ಹನಿ ಹನಿ ಹಾಕಿ, ದೋಸೆ ಹಿಟ್ಟಿನ ಹದಕ್ಕೆ ಕಲಸಿದೆವು. ತೆಳುವಾದರೆ ನೀರಿನಲ್ಲಿ ಮೋಡದಂತೆ ಹರಡುತ್ತದೆ, ತೀರಾ ಗಟ್ಟಿಯಾದರೆ ಸಿರಿಂಜಿನ ತೂತು ಕಟ್ಟುತ್ತದೆ. ಸಿರಿಂಜಿಗೆ ಮೊಂಡು ತುದಿಯ ಉದ್ದ ನಳಿಕೆ ಸಿಕ್ಕಿಸಿ, ಸಂಪ್‌ನಿಂದ ನೀರು ಏರಿಸುವ ರಿಟರ್ನ್ ಪಂಪ್, ಅಲೆ ಎಬ್ಬಿಸುವ ವೇವ್ ಮೇಕರ್ ಎರಡನ್ನೂ ಆರಿಸಿದೆವು. ನೀರು ನಿಶ್ಚಲವಾಗಬೇಕು.

ಮುಖ್ಯವಾದದ್ದು ಮುಟ್ಟದೆ ಮಾಡುವುದು. ನಳಿಕೆ ತಾಗಿದರೆ ಏಪ್ಟೇಸಿಯಾ ಒಳಗೆ ಹೋಗುತ್ತದೆ, ಸುಣ್ಣ ಖಾಲಿ ಬಿಲದ ಬಾಯಿಗೆ ಬೀಳುತ್ತದೆ. ಮೇಲಿನಿಂದ ನಿಧಾನವಾಗಿ ಇಳಿದು, ಅದರ ಬಾಯಿಗೆ ಸ್ವಲ್ಪ ಮೇಲೆ ನಿಂತು, ಒಂದು ತೊಟ್ಟು ಬಿಡಬೇಕು. ಅದು ಊಟ ಎಂದುಕೊಂಡು ಎಳೆಗಳಿಂದ ಒಳಗೆ ಎಳೆದುಕೊಳ್ಳುತ್ತದೆ. ಮುದುಡಿದ ಮೇಲೆ ಇನ್ನೂ ಸ್ವಲ್ಪ ಹಾಕಿ ಬಿಲದ ಬಾಯಿ ಮುಚ್ಚಿಬಿಡಬೇಕು. ಹುಡುಗನ ಕೈ ನನ್ನ ಕೈಗಿಂತ ಸ್ಥಿರವಾಗಿತ್ತು. ಮೊದಲ ಎರಡು ಮೂರು ನೋಡಿದ ಮೇಲೆ ಅವನೇ ಮಾಡಿದ. ಕಾಲು ಗಂಟೆ ಹಾಗೇ ಬಿಟ್ಟು, ಬಂಡೆಯ ಮೇಲೆ ಕೂತ ಬಿಳಿ ಸುಣ್ಣವನ್ನು ಸಣ್ಣ ಪೈಪಿನಿಂದ ಹೀರಿ ತೆಗೆದು, ಪಂಪ್ ಹಾಕಿದೆವು.

ಒಂದು ಸಲಕ್ಕೆ ಎಂಟು ಹತ್ತಕ್ಕಿಂತ ಜಾಸ್ತಿ ಬೇಡ ಎಂದು ಮಿತಿ ಹಾಕಿದ್ದೆ. ಹುಡುಗನಿಗೆ ಒಂದೇ ದಿನ ಮುಗಿಸುವ ಆಸೆ. ಆದರೆ ಈ ಗಾತ್ರದ ನೀರಿಗೆ ಸುಣ್ಣ ಜಾಸ್ತಿಯಾದರೆ ಪಿಎಚ್ ಏರಿ ಮೀನಿಗೇ ತೊಂದರೆ. ಪ್ರತಿ ಸಲ ಮೊದಲೂ ಆಮೇಲೂ ಪಿಎಚ್ ನೋಡಿದೆವು. 8.4 ದಾಟಿದರೆ ಅವತ್ತಿಗೆ ನಿಲ್ಲಿಸುವುದು ಎಂದು ಮೊದಲೇ ಮಾತಾಗಿತ್ತು. ಸತ್ತ ಏಪ್ಟೇಸಿಯಾಗಳೂ ಕೊಳೆತು ನೀರಿಗೆ ಸೇರುತ್ತವೆ. ಆ ಲೆಕ್ಕಕ್ಕೂ ನಡುವೆ ಕೆಲವು ದಿನ ಬಿಡುವು ಬೇಕು.

ಪ್ಲಗ್ ಮತ್ತು ಸಂಪ್

ಜೋವಾಂಥಿಡ್ ಪಾಲಿಪ್‌ಗಳ ನಡುವೆ ಇದ್ದವಕ್ಕೆ ಸುಣ್ಣ ಹಾಕುವಂತಿರಲಿಲ್ಲ. ಹಾಕಿದರೆ ಜೋವಾ ಕೂಡ ಸಾಯುತ್ತದೆ. ಗುಂಪಿನ ಬಲ ಅಂಚು ಪಕ್ಕದ ಬಂಡೆಗೆ ಹರಡಿಕೊಂಡಿತ್ತು. ಅಲ್ಲಿ ಹತ್ತಾರು ಆರೋಗ್ಯವಾದ ಪಾಲಿಪ್‌ಗಳಿದ್ದವು. ಪ್ಲಗ್ ಮಾತ್ರ ಪೂರ್ತಿ ಬಿಡುವುದು ಒಳ್ಳೆಯದು ಎಂದು ನಾನು ಹೇಳಿದೆ. ಮೇಡಂಗೆ ಬೇಜಾರಾಯಿತು. ಟ್ಯಾಂಕಿಗೆ ಬಂದ ಮೊದಲ ಜೋವಾ ಅದು, ಬಣ್ಣವೂ ಚೆಂದ. ಆದರೆ ಆ ಪ್ಲಗ್ ಒಳಗಿದ್ದಷ್ಟು ದಿನ ಉಳಿದ ಕೆಲಸವೆಲ್ಲ ಸುಮ್ನೆ. ಗ್ಲೌಸ್, ಕನ್ನಡಕ ಹಾಕಿಕೊಂಡು, ನೀರಿನೊಳಗೇ ಪ್ಲಾಸ್ಟಿಕ್ ಡಬ್ಬಿಗೆ ಇಳಿಸಿ, ಮುಚ್ಚಳ ಹಾಕಿ ಹೊರಗೆ ತಂದು, ಬ್ಲೀಚ್ ಬೆರೆಸಿದ ನೀರಿನಲ್ಲಿ ಮುಳುಗಿಸಿಟ್ಟೆವು. ಪ್ಯಾಲಿಟಾಕ್ಸಿನ್ ಇದ್ದರೂ ಬ್ಲೀಚ್ ಅದನ್ನು ಮುರಿಯುತ್ತದೆ. ಆಮೇಲೆ ಕಟ್ಟಿ ಕಸಕ್ಕೆ. ಇಂಥದ್ದನ್ನು ಕೆರೆಗೋ, ಊರಿಗೆ ಹೋದಾಗ ಸಮುದ್ರಕ್ಕೋ ಹಾಕುವುದು ಖಂಡಿತ ಬೇಡ. ಏಪ್ಟೇಸಿಯಾ ಈಗಾಗಲೇ ಜಗತ್ತಿನ ಬೆಚ್ಚನೆಯ ಕಡಲುಗಳಲ್ಲೆಲ್ಲ ಹರಡಿದೆ. ನಮ್ಮ ಕಡೆಯಿಂದ ಅದಕ್ಕೆ ಸಹಾಯ ಆಗಬಾರದು.

ಸಂಪ್‌ನ ಕೆಲಸ ಸುಲಭ. ಅಲ್ಲಿ ಹವಳ ಇಲ್ಲ, ಜೋವಾ ಇಲ್ಲ. ಟ್ಯಾಂಕಿನಿಂದ ಬೇರ್ಪಡಿಸಿ, ನೀರು ಖಾಲಿ ಮಾಡಿ, ಕೆರೆದು, ಒರೆಸಿ, ಒಣಗಿಸಿದೆವು. ಪಂಪನ್ನು ಬಿಚ್ಚಿ ಸಿಟ್ರಿಕ್ ಆಸಿಡ್ ನೀರಿನಲ್ಲಿ ನೆನೆಹಾಕಿದೆವು. ಕೆರೆಯುವುದು ತಪ್ಪಾಗುವುದು ಚೂರುಗಳು ಹರಿದು ಹೋಗಲು ನೀರಿನ ದಾರಿ ಇದ್ದಾಗ. ದಾರಿ ಕಟ್ಟಿದ ಮೇಲೆ ಕೆರೆಯಬಹುದು.

ಸಿಗಡಿ ಅಂದುಕೊಂಡದ್ದು ಸಿಗಡಿಯೇ, ಆದರೆ

ನಾನು ಹೋಗುವ ಮೊದಲೇ ಈ ಟ್ಯಾಂಕಿನಲ್ಲಿ ಎರಡು "ಪೆಪ್ಪರ್‌ಮಿಂಟ್" ಸಿಗಡಿಗಳಿದ್ದವು. ಅಂಗಡಿಯಲ್ಲಿ ಅದೇ ಹೆಸರಿಗೆ ಕೊಟ್ಟಿದ್ದರು. ಏಪ್ಟೇಸಿಯಾ ಕಡೆ ತಿರುಗಿಯೂ ನೋಡುತ್ತಿಲ್ಲ ಎಂಬುದು ಇವರ ದೂರು. ನೋಡಿದರೆ ಎರಡೂ ಕ್ಯಾಮೆಲ್ ಸಿಗಡಿ. ಬೆನ್ನು ಎದ್ದು ಗೂನಾಗಿದೆ, ಕಡು ಕೆಂಪಿನ ಮೇಲೆ ಬಿಳಿ ಗೆರೆ, ಬಿಳಿ ಚುಕ್ಕೆ, ಕಣ್ಣು ದೊಡ್ಡದು, ಮೂತಿಯ ಮುಳ್ಳು ಮೇಲಕ್ಕೆ ನಿಂತಿದೆ. ಇದು ನಮ್ಮ ಹಿಂದೂ ಮಹಾಸಾಗರ, ಪೆಸಿಫಿಕ್ ಕಡೆಯ ಜೀವಿ, ಸುಲಭವಾಗಿ ಸಿಗುತ್ತದೆ. ನಿಜವಾದ ಪೆಪ್ಪರ್‌ಮಿಂಟ್ ಲಿಸ್ಮಾಟಾ ಕುಲದ್ದು, ಅಟ್ಲಾಂಟಿಕ್‌ನ ಅಮೆರಿಕ ತೀರದ್ದು, ಇಲ್ಲಿಗೆ ಆಮದಾಗಿಯೇ ಬರಬೇಕು. ಅದರ ಮೈ ಹೆಚ್ಚುಕಡಿಮೆ ಪಾರದರ್ಶಕ, ಅದರ ಮೇಲೆ ಉದ್ದುದ್ದ ಕೆಂಪು ಗೆರೆ. ಬಿಳಿ ಗೆರೆ ಕಂಡರೆ ಕೊಳ್ಳಬಾರದು ಎಂದು ನೆನಪಿಟ್ಟುಕೊಂಡರೆ ಸಾಕು.

ಕ್ಯಾಮೆಲ್ ಸಿಗಡಿ ಏಪ್ಟೇಸಿಯಾ ತಿನ್ನದಿದ್ದರೆ ಹೋಗಲಿ, ಅದು ಮೆದು ಹವಳ, ಜೋವಾಂಥಿಡ್ ತಿನ್ನುತ್ತದೆ. ರಾತ್ರಿ ಕೆಂಪು ಬೆಳಕಿನಲ್ಲಿ ಕಾದು ನೋಡಿದಾಗ ಒಂದು ಮಶ್ರೂಮ್ ಅಂಚಿನಲ್ಲೇ ಕೂತಿತ್ತು. ಜೋವಾ ಮುಚ್ಚಿಕೊಂಡಿದ್ದರಲ್ಲಿ ಇವುಗಳ ಪಾಲೂ ಇತ್ತು ಎಂದು ನನ್ನ ಅಂದಾಜು. ಬಾಟಲಿ ಬೋನು ಇಟ್ಟು ಹಿಡಿದು, ಹವಳವಿಲ್ಲದ ಟ್ಯಾಂಕ್ ಇಟ್ಟಿರುವ ಪರಿಚಯದವರಿಗೆ ಕೊಟ್ಟೆವು.

ಲಿಸ್ಮಾಟಾ ಬರುವವರೆಗೆ ಕಾಯಬೇಕಾಯಿತು. ಆ ಹೊತ್ತಿಗೆ ಬಯಲಿನ ದೊಡ್ಡವು ಬಹುತೇಕ ಮುಗಿದಿದ್ದವು. ನಾಲ್ಕು ಸಿಗಡಿ ಬಂದವು. ಉಪ್ಪಿನ ಪ್ರಮಾಣ ಒಮ್ಮೆಲೇ ಬದಲಾದರೆ ಸಿಗಡಿ ತಡೆಯುವುದಿಲ್ಲ. ಹನಿ ಹನಿಯಾಗಿ ಟ್ಯಾಂಕ್ ನೀರು ಬೆರೆಸುತ್ತ ಒಗ್ಗಿಸಿದೆವು. ರಾಸ್ ಮೀನು ಮಲಗಿದ ಮೇಲೆ, ಲೈಟ್ ಆರಿಸಿ, ಬಂಡೆಯ ಹಿಂದಿನ ಗುಹೆಯ ಬಾಯಿಯಲ್ಲಿ ಬಿಟ್ಟೆವು. ಒಂದು ಸಿಗಡಿ ಪೊರೆ ಬಿಟ್ಟ ಸಮಯದಲ್ಲಿ ಕಾಣೆಯಾಯಿತು. ಪೊರೆ ಕಳಚಿದಾಗ ಮೈ ಮೆತ್ತಗಿರುತ್ತದೆ, ರಾಸ್ ಬಿಟ್ಟಿರಲಿಕ್ಕಿಲ್ಲ. ಉಳಿದ ಮೂರು ನೆಲೆ ನಿಂತವು.

ನಿಜವಾದ ಪೆಪ್ಪರ್‌ಮಿಂಟ್ ಕೂಡ ಹೊಟ್ಟೆ ತುಂಬಿದ್ದರೆ ಏಪ್ಟೇಸಿಯಾ ಮುಟ್ಟದೆ ಇರಬಹುದು. ಹಾಗಾಗಿ ರಾತ್ರಿ ಊಟ ಪೂರ್ತಿ ಬಂದ್. ಮೀನಿಗೆ ಬೆಳಿಗ್ಗೆ ಮಾತ್ರ, ಕೆಳಗೆ ಬೀಳದಷ್ಟು. ಮೊದಲ ಕೆಲವು ವಾರ ಹುಡುಗನಿಗೆ ಏನೂ ಬದಲಾವಣೆ ಕಾಣಲಿಲ್ಲ. ಹಾಳೆಯ ನಕ್ಷೆ ಉಪಯೋಗಕ್ಕೆ ಬಂದದ್ದು ಆಗ. ಓವರ್‌ಫ್ಲೋ ಗೋಡೆಯ ಸಣ್ಣ ಚುಕ್ಕೆಗಳು ಮೊದಲು ಹೋದವು. ಆಮೇಲೆ ಬಂಡೆಯ ನೆರಳಿನವು. ಕಣ್ಣಂದಾಜಿನಲ್ಲಿ ಗೊತ್ತಾಗದ್ದು ಕಾಗದದ ಮೇಲೆ ಗೊತ್ತಾಯಿತು.

ಈಗಿನ ಸ್ಥಿತಿ

ನಾಲ್ಕನೇ ತಿಂಗಳ ಹೊತ್ತಿಗೆ ಎದುರಿನ ಬಂಡೆ ಸ್ವಚ್ಛ. ಬಂಡೆಗೆ ಹರಡಿದ್ದ ಜೋವಾಂಥಿಡ್ ಎರಡೂ ಪಕ್ಕ ಅರಳಿದೆ, ಪ್ಲಗ್ ಇದ್ದ ಜಾಗದ ಕಡೆಗೆ ಹೊಸ ಪಾಲಿಪ್ ಬರುತ್ತಿವೆ. ಲೆದರ್ ನೆಟ್ಟಗೆ ನಿಂತಿದೆ. ನೈಟ್ರೇಟ್ 10ರಿಂದ 15ರೊಳಗೆ ಇದೆ. ಏಪ್ಟೇಸಿಯಾ ಪೂರ್ತಿ ಹೋಗಿದೆ ಎಂದು ನಾನು ಹೇಳುವುದಿಲ್ಲ. ಹಿಂದಿನ ಗಾಜಿನ ಕೆಳ ಮೂಲೆಯಲ್ಲಿ, ಓವರ್‌ಫ್ಲೋ ಹಲ್ಲುಗಳ ಸಂದಿಯಲ್ಲಿ ಆಗಾಗ ಒಂದೆರಡು ಕಾಣುತ್ತವೆ. ಕಂಡದ್ದು ಬಯಲಿನಲ್ಲಿದ್ದರೆ ಹುಡುಗ ಸುಣ್ಣದ ತೊಟ್ಟು ಹಾಕುತ್ತಾನೆ. ಬಿರುಕಿನಲ್ಲಿದ್ದರೆ ಸಿಗಡಿಗೆ ಬಿಡುತ್ತಾನೆ. ತಿಂಗಳಿಗೊಮ್ಮೆ ಸಂಪ್ ತೆರೆದು ನೋಡುತ್ತಾರೆ. ಏಪ್ಟೇಸಿಯಾ ಕಡಿಮೆಯಾದ ಮೇಲೆ ಸಿಗಡಿಗಳು ಉಪವಾಸ ಬೀಳಬಾರದೆಂದು ವಾರಕ್ಕೆ ಕೆಲವು ಸಲ ಅವುಗಳ ಗುಹೆಯ ಹತ್ತಿರ ಸ್ವಲ್ಪ ಆಹಾರ ಇಡುವ ಏರ್ಪಾಟೂ ಆಗಿದೆ.

ಹೊಸ ಹವಳಕ್ಕೆ ಈಗ 30 ಲೀಟರಿನ ಬೇರೆ ಟ್ಯಾಂಕ್ ಇದೆ. ತಂದ ಪ್ಲಗ್ ನೇರವಾಗಿ ದೊಡ್ಡ ಟ್ಯಾಂಕಿಗೆ ಹೋಗುವುದಿಲ್ಲ. ಸಾಧ್ಯವಿದ್ದರೆ ಗುಂಪನ್ನು ಹಳೆಯ ಪ್ಲಗ್‌ನಿಂದ ಬಿಡಿಸಿ ಹೊಸದಕ್ಕೆ ಅಂಟಿಸುತ್ತಾರೆ, ಜೋವಾ ಆದರೆ ಗ್ಲೌಸ್, ಕನ್ನಡಕದ ಸಮೇತ. ಬಿಡಿಸಲಾಗದಿದ್ದರೆ ತೂತು, ಬಿರುಕೆಲ್ಲ ಭೂತಗನ್ನಡಿಯಲ್ಲಿ ನೋಡಿ ತಿಂಗಳ ಮೇಲೆ ಅಲ್ಲೇ ಇಡುತ್ತಾರೆ. ಅಲ್ಲಿ ಆಗಾಗ ಸ್ವಲ್ಪ ಆಹಾರ ಹಾಕಬೇಕು ಎಂದು ನಾನೇ ಹೇಳಿದ್ದೇನೆ. ಹಸಿದ ಏಪ್ಟೇಸಿಯಾ ಸಣ್ಣದಾಗಿ ಬಿರುಕಿನಲ್ಲಿ ಅಡಗಿರುತ್ತದೆ, ತಿಂದದ್ದು ಎಳೆ ಚಾಚಿ ಹೊರಗೆ ಬರುತ್ತದೆ. ಪತ್ತೆ ಮಾಡುವ ಜಾಗದಲ್ಲಿ ಅದು ಹೊರಗೆ ಬರುವುದೇ ಬೇಕು.

ಇದೇ ಟ್ಯಾಂಕಿನಲ್ಲಿ ಆ ರಾಸ್ ಮೀನು ಇಲ್ಲದಿದ್ದರೆ, ಬರ್ಗಿಯಾ ಸಿಗುವಂತಿದ್ದರೆ, ನಾನು ಸಿಗಡಿಯ ಬದಲು ಅದನ್ನೇ ಹೇಳುತ್ತಿದ್ದೆ. ಸಿಗಡಿ ಮತ್ತು ಬರ್ಗಿಯಾ ಎರಡನ್ನೂ ಒಟ್ಟಿಗೆ ಬಿಡುವಂತಿಲ್ಲ, ಸಿಗಡಿ ಅದನ್ನು ತಿಂದುಬಿಡುತ್ತದೆ. ಬರ್ಗಿಯಾ ಆರಿಸಿದ್ದರೆ ಸುಣ್ಣದ ಕೆಲಸವನ್ನೂ ಅರ್ಧಕ್ಕೆ ನಿಲ್ಲಿಸುತ್ತಿದ್ದೆ. ಅದಕ್ಕೆ ತಿನ್ನಲು ಏಪ್ಟೇಸಿಯಾ ಉಳಿದಿರಬೇಕು. ಒಂದೆರಡೇ ಏಪ್ಟೇಸಿಯಾ ಕಂಡ ಹೊಸ ಟ್ಯಾಂಕ್ ಆಗಿದ್ದರೆ ಸುಣ್ಣವೂ ಬೇಕಿರಲಿಲ್ಲ. ಆ ಬಂಡೆಯನ್ನೇ ಹೊರಗೆ ತೆಗೆದು, ಅದರ ಮೇಲೆ ಜೋವಾ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದರೆ ಸಾಕಾಗುತ್ತಿತ್ತು.